ದೇವರ ಕೃಪೆಯೂ ದೀನಮನಸ್ಸೂ

ಪಾಠಭಾಗಗಳು: 2 ಅರಸುಗಳು 5ನೆಯ ಅಧ್ಯಾಯ, ಲೂಕ 4:16–30, ಅಪೊಸ್ತಲರ ಕೃತ್ಯಗಳು 10ನೆಯ ಅಧ್ಯಾಯ, ಫಿಲಿಪ್ಪಿ 2:1–11

ಪೀಠಿಕೆ



ಬಾಗಲಕೋಟೆಯ ಸೀಮೆಯಲ್ಲಿ ಬೇವೂರೆಂಬ ಗ್ರಾಮವುಂಟು. ಬಾದಾಮಿ, ಹುನಗುಂದ, ಇಳಕಲ್ಲುಗಳ ಕಡೆಯಿಂದ ಬಂದ ನಿಮ್ಮಲ್ಲಿ ಅನೇಕರು ಆ ಸೀಮೆಯ ಎರೆಹೊಲಗಳನ್ನು ಬಲ್ಲಿರಿ. ಅಲ್ಲಿ ಮಳೆ ಕಡಿಮೆ. ಬರುವ ಮಳೆಯಾದರೂ ಇದು ಗೌಡನ ಹೊಲ, ಇದು ಕೂಲಿಯವನ ಹೊಲ ಎಂದು ಕೇಳಿ ಬೀಳುವದಿಲ್ಲ. ಎಲ್ಲರ ಹೊಲದ ಮೇಲೆಯೂ ಒಂದೇ ಸಮನಾಗಿ ಸುರಿಯುವದು. ಆದರೆ ದಿಬ್ಬದ ಮೇಲೆ ಬಿದ್ದ ನೀರು ದಿಬ್ಬದಲ್ಲಿ ನಿಲ್ಲದು. ಹರಿದು ತಗ್ಗನ್ನು ಸೇರುವದು. ಇದನ್ನರಿತ ಒಕ್ಕಲಿಗನು ಇಳಿಜಾರಿಗೆ ಅಡ್ಡವಾಗಿ ಒಡ್ಡು ಹಾಕಿ ನೀರನ್ನು ಭೂಮಿಯಲ್ಲಿ ಇಂಗಿಸುವನು. ಆ ತೇವವೇ ಹಿಂಗಾರಿಯ ಬಿಳಿಜೋಳಕ್ಕೆ ಆಧಾರ. ಮುಂದೆ ಚಳಿಗಾಲದಲ್ಲಿ ಹನಿ ಮಳೆ ಬಾರದಿದ್ದರೂ ಆ ಜೋಳವು ತೆನೆಗಟ್ಟುವದು.

1876ರಿಂದ 1878ರ ವರೆಗೆ ಅಂದಿನ ಕಲಾದಗಿ ಜಿಲ್ಲೆಯಲ್ಲಿ, ಅಂದರೆ ಇದೇ ಸೀಮೆಯಲ್ಲಿ, ಘೋರವಾದ ಕ್ಷಾಮವುಂಟಾಯಿತು. ಮಳೆಯು ಯಾರ ಸ್ವತ್ತೂ ಅಲ್ಲ, ಯಾರೂ ಅದನ್ನು ಹಕ್ಕಿನಿಂದ ಕೇಳಿ ಪಡೆಯಲಾರರು ಎಂಬದು ಆಗ ದೊಡ್ಡವರಿಗೂ ಚಿಕ್ಕವರಿಗೂ ತಿಳಿಯಿತು.

ಕರ್ತನಾದ ಯೇಸು ತನ್ನ ಪರ್ವತಪ್ರಸಂಗದಲ್ಲಿ ದೇವರ ಪ್ರೀತಿಗೆ ಮಳೆಯನ್ನೇ ದೃಷ್ಟಾಂತವಾಗಿ ಕೊಟ್ಟನು (ಮತ್ತಾಯ 5:45). ಕೃಪೆಯೆಂದರೆ ನಾವು ಸಂಪಾದಿಸದೆ ನಮಗೆ ದೊರೆಯುವ ದೇವರ ಒಲವು. ಅದು ಎಲ್ಲ ಜನಾಂಗಗಳಿಗಾಗಿ ಉಂಟು. ಅದನ್ನು ಹಿಡಿದಿಟ್ಟುಕೊಳ್ಳುವ ತಗ್ಗಾದ ಭೂಮಿಗೆ ದೀನಮನಸ್ಸು ಎಂದು ಹೆಸರು. ಆದರೆ ದೀನತೆಯನ್ನು ಯಾರಿಗೆ, ಹೇಗೆ ಬೋಧಿಸಬೇಕೆಂಬ ವಿಷಯದಲ್ಲಿ ನಾವು ಬಹಳವಾಗಿ ತಪ್ಪುವದುಂಟು. ಈ ಪಾಠದಲ್ಲಿ ಅದನ್ನೇ ವಿಚಾರಿಸುವೆವು.

1. ಸೆರೆಯಾಗಿ ಬಂದ ಹುಡುಗಿ

ಅರಾಮ್ ದೇಶದ ಸೇನಾಪತಿಯಾದ ನಾಮಾನನು ಅರಸನಿಗೆ ಪ್ರಿಯನೂ ಪರಾಕ್ರಮಶಾಲಿಯೂ ಆಗಿದ್ದನು. ಆದರೆ ಅವನಿಗೆ ಕುಷ್ಠವಿತ್ತು. ಈ ಕಥೆಯ ಮೊದಲನೆಯ ವಚನದಲ್ಲಿಯೇ ಒಂದು ಆಶ್ಚರ್ಯವುಂಟು. ಅರಾಮ್ಯರಿಗೆ ಜಯ ಕೊಟ್ಟವನು ಇಸ್ರಾಯೇಲಿನ ದೇವರೇ ಎಂದು ಅಲ್ಲಿ ಬರೆದಿದೆ. ಅರಾಮ್ಯರು ಇಸ್ರಾಯೇಲ್ಯರ ವೈರಿಗಳಾಗಿದ್ದರು. ಹೀಗೆ ನಾಮಾನನು ದೇವರನ್ನು ಅರಿಯುವದಕ್ಕೆ ಮುಂಚೆಯೇ ದೇವರ ಕೈ ಅವನ ಮೇಲಿತ್ತು.

ಅವನ ಮನೆಯಲ್ಲಿ ಒಬ್ಬ ಚಿಕ್ಕ ಹುಡುಗಿಯಿದ್ದಳು. ಅರಾಮ್ಯರ ದಂಡು ಇಸ್ರಾಯೇಲ್ ದೇಶದಿಂದ ಅವಳನ್ನು ಹಿಡಿದುಕೊಂಡು ಬಂದಿತ್ತು. ಅವಳ ಹೆಸರು ನಮಗೆ ತಿಳಿಯದು. ಊರು, ಮನೆ, ತಾಯಿತಂದೆಗಳು ಎಲ್ಲವೂ ತಪ್ಪಿಹೋಗಿ ಅವಳು ನಾಮಾನನ ಹೆಂಡತಿಯ ಸೇವೆಯಲ್ಲಿದ್ದಳು. ಇವಳಿಗಿಂತ ಕೆಳಗಿನ ಸ್ಥಾನ ಆ ಮನೆಯಲ್ಲಿ ಇದ್ದಿರಲಾರದು. ಆದರೂ ಬಾಯಿ ತೆರೆದವಳು ಅವಳೇ. ಸಮಾರ್ಯದಲ್ಲಿರುವ ಪ್ರವಾದಿಯ ಬಳಿಗೆ ಯಜಮಾನನು ಹೋದರೆ ವಾಸಿಯಾಗುವನೆಂದು ಅವಳು ಯಜಮಾನಿಗೆ ತಿಳಿಸಿದಳು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿರಿ. ತನ್ನನ್ನು ಸೆರೆಗೆ ತಂದವರ ರೋಗವನ್ನು ಕಂಡು ಅವಳು ಒಳಗೊಳಗೆ ಸಂತೋಷಪಡಬಹುದಾಗಿತ್ತು. ದೇವರು ನಮ್ಮವರಿಗೆ ಮಾತ್ರ ಸೇರಿದವನು, ಈ ಪರದೇಶದವರಿಗೇಕೆ ಆತನ ಪ್ರವಾದಿ ಎಂದು ಸುಮ್ಮನಿರಬಹುದಾಗಿತ್ತು. ಅವಳು ಹಾಗೆ ಮಾಡಲಿಲ್ಲ. ದೊಡ್ಡವರ ಮುಂದೆ ನಾನು ಮಾತಾಡಬಾರದೆಂದು ಹಿಂಜರಿಯಲೂ ಇಲ್ಲ. ಕೃಪೆಯು ಎಲ್ಲರಿಗಾಗಿ ಉಂಟೆಂದು ಇಸ್ರಾಯೇಲಿನ ಅರಸನಿಗೆ ತಿಳಿಯದ ಕಾಲದಲ್ಲಿ ಈ ದಾಸಿಗೆ ತಿಳಿದಿತ್ತು. ಅರಸನಾದರೋ ನಾಮಾನನ ಪತ್ರವನ್ನು ಓದಿ ಯುದ್ಧಕ್ಕೆ ನೆವವೆಂದು ಹೆದರಿ ಬಟ್ಟೆ ಹರಿದುಕೊಂಡನು.

ಇನ್ನೊಂದು ಮಾತು. ಈ ಅಧ್ಯಾಯದಲ್ಲಿ ದೀನನಾಗಬೇಕೆಂಬ ಪಾಠವು ಹುಡುಗಿಗೆ ಎಲ್ಲಿಯೂ ಹೇಳಲ್ಪಟ್ಟಿಲ್ಲ. ಅದು ಸೇನಾಪತಿಗೆ ಮಾತ್ರ ಹೇಳಲ್ಪಟ್ಟಿತು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ.

2. ರಥದಿಂದ ಇಳಿದ ಸೇನಾಪತಿ

ನಾಮಾನನು ಹತ್ತು ತಲಾಂತು ಬೆಳ್ಳಿಯನ್ನೂ ಆರು ಸಾವಿರ ನಾಣ್ಯದಷ್ಟು ಬಂಗಾರವನ್ನೂ ಹತ್ತು ಜೊತೆ ವಸ್ತ್ರಗಳನ್ನೂ ತೆಗೆದುಕೊಂಡು, ರಥಗಳೊಡನೆ ಎಲೀಷನ ಬಾಗಿಲಿಗೆ ಬಂದು ನಿಂತನು. ವಾಸಿಯಾಗುವದನ್ನು ಬೆಲೆ ಕೊಟ್ಟು ಕೊಳ್ಳಬಹುದೆಂದು ಅವನ ಎಣಿಕೆ. ಎಲೀಷನಾದರೋ ಹೊರಗೆ ಬಾರದೆ ಒಬ್ಬ ಆಳನ್ನು ಕಳುಹಿಸಿ, ಯೊರ್ದನ್ ಹೊಳೆಯಲ್ಲಿ ಏಳು ಸಾರಿ ಮುಳುಗಬೇಕೆಂದು ಹೇಳಿಸಿದನು.

ನಾಮಾನನಿಗೆ ಸಿಟ್ಟು ಬಂತು. ಪ್ರವಾದಿಯು ಎದುರಿಗೆ ಬಂದು ನಿಲ್ಲಲಿಲ್ಲವೆಂಬದು ಒಂದು. ದಮಸ್ಕದ ಅಬಾನಾ, ಪರ್ಪರ್ ಹೊಳೆಗಳಿರಲು ಈ ಯೊರ್ದನಿನಲ್ಲಿ ಏಕೆ ಮುಳುಗಬೇಕೆಂಬದು ಇನ್ನೊಂದು. ನಮ್ಮ ಸೀಮೆಯವನೊಬ್ಬನು ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳನ್ನು ಬಿಟ್ಟು ಪರರ ಊರಿನ ಹಳ್ಳದಲ್ಲಿ ಮೀಯಬೇಕೆಂದರೆ ಹೇಗೆ ಮುಖ ಗಂಟಿಕ್ಕುವನೋ ಹಾಗೆಯೇ ಅವನೂ ಮಾಡಿದನು. ಅವನ ಕುಷ್ಠಕ್ಕಿಂತ ಅವನ ಹಿರಿಮೆಯೇ ಗುಣಪಡಿಸಲು ಕಷ್ಟವಾದ ರೋಗವಾಗಿತ್ತು.

ಆಗಲೂ ಅವನನ್ನು ತಿದ್ದಿದವರು ಆಳುಗಳೇ. ಅವರು ಅವನನ್ನು ತಂದೆಯೆಂದು ಕರೆದು, ಪ್ರವಾದಿಯು ಕಠಿಣವಾದ ಕೆಲಸವನ್ನು ಹೇಳಿದ್ದರೆ ನೀನು ಮಾಡುತ್ತಿದ್ದಿಯಲ್ಲವೇ, ಇಷ್ಟು ಸುಲಭವಾದದ್ದನ್ನು ಏಕೆ ಮಾಡಬಾರದು ಎಂದು ವಿವೇಕವನ್ನು ಹೇಳಿದರು. ಇದು ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲ ಮಾತು. ದೊಡ್ಡ ವ್ರತ, ದೊಡ್ಡ ಕಾಣಿಕೆ, ದೂರದ ಯಾತ್ರೆ ಇವುಗಳನ್ನು ಮಾಡಲು ಗರ್ವಿಷ್ಠನು ಹಿಂಜರಿಯನು. ಏಕೆಂದರೆ ಅವುಗಳಿಂದ ಅವನ ಹೆಸರು ಬೆಳೆಯುವದು. ಎಲ್ಲರೂ ಇಳಿಯುವ ನೀರಿನಲ್ಲಿ ಎಲ್ಲರಂತೆ ಇಳಿಯುವದು ಮಾತ್ರ ಅವನಿಗೆ ಕಷ್ಟ.

ಕಡೆಗೆ ಅವನು ಇಳಿದು ಏಳು ಸಾರಿ ಮುಳುಗಿದನು. ಅವನ ಮೈ ಚಿಕ್ಕ ಮಗುವಿನ ಮೈಯಂತಾಯಿತು. ಮೂಲ ಇಬ್ರಿಯ ಭಾಷೆಯಲ್ಲಿ ಎರಡನೆಯ ವಚನದ ‘ಚಿಕ್ಕ ಹುಡುಗಿ’ಗೂ ಹದಿನಾಲ್ಕನೆಯ ವಚನದ ‘ಚಿಕ್ಕ ಹುಡುಗ’ನಿಗೂ ಒಂದೇ ಜೋಡಿ ಶಬ್ದಗಳು ಬಂದಿವೆ, ಲಿಂಗಭೇದ ಮಾತ್ರ ಉಂಟು. ಸೇನಾಪತಿಯು ಹೊಳೆಯಿಂದ ಮೇಲೆ ಬಂದಾಗ ತನ್ನ ಮನೆಯ ದಾಸಿಗೆ ಸಮಾನನಾಗಿದ್ದನು. ದೇವರ ಕೃಪೆಯು ಅವನನ್ನು ಇಳಿಸಿದ್ದು ಇಲ್ಲಿಗೆ, ಏರಿಸಿದ್ದೂ ಇಲ್ಲಿಗೇ.

3. ಗೇಹಜಿಯ ತಪ್ಪು

ನಾಮಾನನು ಹಿಂತಿರುಗಿ ಬಂದು ಕಾಣಿಕೆಯನ್ನು ಕೊಡಲು ಎಲೀಷನು ಮುಟ್ಟಲಿಲ್ಲ. ಮುಟ್ಟಿದ್ದರೆ ಕೃಪೆಗೆ ಬೆಲೆ ಕಟ್ಟಿದಂತಾಗುತ್ತಿತ್ತು. ಆದರೆ ಪ್ರವಾದಿಯ ಸೇವಕನಾದ ಗೇಹಜಿಯು, ಒಬ್ಬ ಅರಾಮ್ಯನನ್ನು ಇಷ್ಟು ಸುಲಭವಾಗಿ ಬಿಡಬಹುದೇ ಎಂದುಕೊಂಡು ಅವನ ಹಿಂದೆ ಓಡಿ, ಸುಳ್ಳು ಹೇಳಿ, ಎರಡು ತಲಾಂತು ಬೆಳ್ಳಿಯನ್ನೂ ಎರಡು ಜೊತೆ ವಸ್ತ್ರಗಳನ್ನೂ ಪಡೆದನು. ನಾಮಾನನನ್ನು ಬಿಟ್ಟ ಕುಷ್ಠವು ಗೇಹಜಿಯನ್ನು ಹಿಡಿಯಿತು.

ಹೊರಗಿನವನು ಒಳಗೆ ಬಂದನು, ಒಳಗಿದ್ದವನು ಹೊರಗಾದನು. ಗೇಹಜಿಗೆ ಪ್ರವಾದಿಯ ಮನೆಯ ವಾಸವಿತ್ತು, ನಿತ್ಯವೂ ದೇವರ ಮಾತು ಕಿವಿಗೆ ಬೀಳುತ್ತಿತ್ತು. ಕ್ರೈಸ್ತ ಮನೆತನದಲ್ಲಿ ಹುಟ್ಟಿ, ಮಿಶನ್ ಶಾಲೆಯಲ್ಲಿ ಕಲಿತು, ಸತ್ಯವೇದದ ಪರೀಕ್ಷೆಯಲ್ಲಿ ಬಹುಮಾನ ಪಡೆದ ನಾವು ಗೇಹಜಿಯ ಕಥೆಯನ್ನು ಭಯದಿಂದ ಓದತಕ್ಕದ್ದು.

4. ನಜರೇತಿನ ಕೋಪವೂ ಯೊಪ್ಪದ ದರ್ಶನವೂ

ಅನೇಕ ಶತಮಾನಗಳು ಕಳೆದ ಮೇಲೆ ಕರ್ತನು ತಾನು ಬೆಳೆದ ನಜರೇತಿನ ಸಭಾಮಂದಿರದಲ್ಲಿ ಈ ಕಥೆಯನ್ನೇ ನೆನಪಿಗೆ ತಂದನು. ಎಲೀಷನ ಕಾಲದಲ್ಲಿ ಇಸ್ರಾಯೇಲಿನಲ್ಲಿ ಕುಷ್ಠರೋಗಿಗಳು ಬಹಳ ಮಂದಿ ಇದ್ದರೂ ಶುದ್ಧನಾದವನು ಅರಾಮ್ಯನಾದ ನಾಮಾನನೇ. ಎಲೀಯನ ಕಾಲದ ಬರದಲ್ಲಿ ಪ್ರವಾದಿಯು ಕಳುಹಿಸಲ್ಪಟ್ಟದ್ದು ಸೀದೋನ್ ಸೀಮೆಯ ಒಬ್ಬ ವಿಧವೆಯ ಬಳಿಗೇ. ಅದುವರೆಗೆ ಆತನ ಮಾತುಗಳನ್ನು ಮೆಚ್ಚುತ್ತಿದ್ದ ಜನರು ಇದನ್ನು ಕೇಳಿದೊಡನೆ ರೌದ್ರರಾಗಿ ಎದ್ದು, ಆತನನ್ನು ಗುಡ್ಡದ ಅಂಚಿಗೆ ನೂಕಿಕೊಂಡು ಹೋದರು. ಕೃಪೆಯ ಮಾತು ಅವರಿಗೆ ಸಿಹಿಯಾಗಿತ್ತು. ಅದು ಇತರರಿಗೂ ಉಂಟೆಂಬ ಮಾತು ಬೇವಿನಂತೆ ಕಹಿಯಾಯಿತು.

ಈ ಕಹಿಯನ್ನು ಪೇತ್ರನೂ ನುಂಗಬೇಕಾಯಿತು. ಯೊಪ್ಪದ ಮನೆಯ ಮಾಳಿಗೆಯ ಮೇಲೆ ಅವನಿಗೆ ದರ್ಶನವಾಯಿತು. ದೇವರು ಶುದ್ಧಮಾಡಿದ್ದನ್ನು ಹೊಲೆಯೆನ್ನಬಾರದೆಂದು ಮೂರು ಸಾರಿ ಕೇಳಿದ ಮೇಲೆಯೇ ಅವನು ರೋಮನ್ ಶತಾಧಿಪತಿಯಾದ ಕೊರ್ನೇಲ್ಯನ ಹೊಸ್ತಿಲನ್ನು ದಾಟಿದನು. ಆ ಅಧ್ಯಾಯವನ್ನು ಕೊರ್ನೇಲ್ಯನ ಮಾನಸಾಂತರವೆಂದು ಹೇಳುವ ವಾಡಿಕೆಯುಂಟು. ಸರಿಯಾಗಿ ನೋಡಿದರೆ ಹೆಚ್ಚಾಗಿ ಬದಲಾದವನು ಪೇತ್ರನೇ. ಕೃಪೆಯನ್ನು ಪಡೆಯಲು ದೀನತೆ ಬೇಕು. ಕೃಪೆಯನ್ನು ಒಯ್ಯಲು ಅದಕ್ಕಿಂತ ಹೆಚ್ಚಿನ ದೀನತೆ ಬೇಕು.

5. ನಮ್ಮ ಕನ್ನಡನಾಡಿನಲ್ಲಿ

ಬಾಸೆಲ್ ಮಿಶನ್ನಿನ ಬೋಧಕರು 1834ರಲ್ಲಿ ಮಂಗಳೂರಿಗೆ ಬಂದರು. ಅಲ್ಲಿಂದ ಘಟ್ಟದ ಮೇಲಕ್ಕೆ ಏರಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ನೇಕಾರರ ಊರಾದ ಗುಳೇದಗುಡ್ಡ, ಹೀಗೆ ಒಂದೊಂದಾಗಿ ಠಾಣೆಗಳನ್ನು ಸ್ಥಾಪಿಸಿದರು. ಬೇವೂರಿನ ಸೀಮೆಗೆ ಸುವಾರ್ತೆಯ ಮಾತು ಸಮೀಪವಾದದ್ದು ಹೀಗೆ. ಈ ಬೋಧಕರ ಪೂರ್ವಿಕರೂ ಒಂದು ಕಾಲದಲ್ಲಿ ಅನ್ಯಜನಾಂಗದವರೇ. ಎಂಟನೆಯ ಶತಮಾನದಲ್ಲಿ ಬೊನಿಫಾಸನೆಂಬವನು ಇಂಗ್ಲೆಂಡಿನಿಂದ ಹೋಗಿ ಜರ್ಮನಿಯ ಜನರಿಗೆ ಸುವಾರ್ತೆಯನ್ನು ಸಾರಿದನು. ಯಾವ ಜನಾಂಗವೂ ಕೃಪೆಯನ್ನು ತನ್ನ ಮಣ್ಣಿನಲ್ಲಿಯೇ ಬೆಳೆದುಕೊಳ್ಳಲಿಲ್ಲ. ಪ್ರತಿಯೊಂದೂ ಪರರ ಕೈಯಿಂದ ಪಡೆಯಿತು.

ಮಂಗಳೂರಿನ ಮಿಶನ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯರೆಂಬ ಸಾರಸ್ವತ ಬ್ರಾಹ್ಮಣ ಯುವಕರು 1844ರಲ್ಲಿ ದೀಕ್ಷಾಸ್ನಾನ ಹೊಂದಿ ಹರ್ಮನ್ ಎಂಬ ಹೆಸರನ್ನು ಪಡೆದರು. ಅದರಿಂದ ಊರಲ್ಲಿ ದೊಡ್ಡ ಗದ್ದಲವೆದ್ದಿತು. ಜಾತಿಯ ಭೇದವನ್ನು ಸಭೆಯೊಳಗೆ ತರಬಾರದೆಂಬದು ಆ ಮಿಶನ್ನಿನ ನಿಯಮವಾಗಿತ್ತು. ಆದಕಾರಣ ತಮ್ಮ ಕುಲದವರು ನೆರಳನ್ನೂ ಸೋಕಿಸಿಕೊಳ್ಳದಿದ್ದ ಜನರೊಡನೆ ಅವರು ಸಹೋದರರಾಗಿ ಬಾಳಬೇಕಾಯಿತು. ಮುಂದೆ ಅವರು ಬಾಸೆಲಿನಲ್ಲಿ ವೇದಶಾಸ್ತ್ರವನ್ನು ಕಲಿತು 1851ರಲ್ಲಿ ಬೋಧಕಾಭಿಷೇಕ ಹೊಂದಿ ಸ್ವದೇಶಕ್ಕೆ ಮರಳಿದರು. ಕೊಡಗಿನಲ್ಲಿ ಮೋಗ್ಲಿಂಗ್ ಅಯ್ಯನವರು ಜೀತದಲ್ಲಿ ಬೆಂದಿದ್ದ ಬಡ ಕೂಲಿಯವರಿಗಾಗಿ ಒಂದು ಹಳ್ಳಿಯನ್ನು ಕಟ್ಟಿದಾಗ, ಅದರ ಭೂಮಿಗಾಗಿ ಕೌಂಡಿನ್ಯರು ಸ್ವಂತ ಹಣವನ್ನು ಕೊಟ್ಟರು. ಆ ಹಳ್ಳಿಗೆ ಆನಂದಪುರವೆಂದು ಹೆಸರಾಯಿತು. ಇಲ್ಲಿ ಇಳಿದುಬಂದವರು ಕುಲದಲ್ಲಿಯೂ ಹಣದಲ್ಲಿಯೂ ಮೇಲಿದ್ದವರೆಂಬದನ್ನು ಗಮನಿಸಿರಿ.

ಕಿಟೆಲ್ ಪಂಡಿತರ ಹೆಸರನ್ನು ನೀವೆಲ್ಲರೂ ಬಲ್ಲಿರಿ. 1853ರಲ್ಲಿ ಅವರು ಈ ದೇಶಕ್ಕೆ ಬಂದದ್ದು ಕಲಿಸುವದಕ್ಕಾಗಿ. ಆದರೆ ಕಲಿಸಬೇಕಾದರೆ ಮೊದಲು ಕಲಿಯಬೇಕೆಂದು ತಿಳಿದು, ಇಲ್ಲಿಯ ಪಂಡಿತರ ಬಳಿಯಲ್ಲಿ ಶಿಷ್ಯರಂತೆ ಕುಳಿತರು. ಹಳಗನ್ನಡದ ಛಂದಸ್ಸನ್ನೂ ವ್ಯಾಕರಣವನ್ನೂ ಶೋಧಿಸಿ ಅಚ್ಚುಹಾಕಿಸಿದರು. 1894ರಲ್ಲಿ ಅವರ ಕನ್ನಡ ನಿಘಂಟು ಹೊರಬಂದಿತು. ಅದರಲ್ಲಿ ಸುಮಾರು 70,000 ಶಬ್ದಗಳುಂಟು. ತನಗೆ ತಿಳಿಯದೆಂದು ಪರಭಾಷೆಯ ಪ್ರತಿಯೊಂದು ಶಬ್ದದ ಮುಂದೆಯೂ ಒಪ್ಪಿಕೊಂಡವನಿಂದ ಮಾತ್ರ ಅಂಥ ಗ್ರಂಥವು ಹುಟ್ಟುವದು.

ದೀನತೆಯು ಕ್ರೈಸ್ತರ ಮನೆಯಲ್ಲಿ ಮಾತ್ರ ಹುಟ್ಟಿತೆಂದು ಹೇಳಿದರೆ ಅದೇ ಗರ್ವವಾದೀತು. ಹುನಗುಂದದ ಸೀಮೆಯಲ್ಲಿ ಕೃಷ್ಣೆಯೂ ಮಲಪ್ರಭೆಯೂ ಕೂಡುವ ಕೂಡಲಸಂಗಮವನ್ನು ಬಲ್ಲ ನಿಮಗೆ, ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರೂ ಶರಣರೂ ಕುಲದ ಹಿರಿಮೆಯನ್ನು ಖಂಡಿಸಿ ವಿನಯವನ್ನು ಸಾರಿದರೆಂಬದು ಗೊತ್ತುಂಟು. ದೇವರ ಮಳೆ ನಮ್ಮ ಬೇಲಿಯ ಆಚೆಗೂ ಬೀಳುವದೆಂದು ನಂಬುವವರು ನೆರೆಯವರ ಹಸುರನ್ನು ಕಂಡು ಹರ್ಷಿಸಬೇಕು.

6. ದೀನತೆ ಯಾವದು, ಯಾವದಲ್ಲ

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕಾಗಿದೆ. ನಾನು ಹೊಸದಾಗಿ ಉಪಾಧ್ಯಾಯಿನಿಯಾಗಿ ಬೇರೊಂದು ಊರಿನ ಬೋರ್ಡಿಂಗಿನ ಮೇಲ್ವಿಚಾರಣೆಯಲ್ಲಿದ್ದಾಗ, ಒಂದು ಸಂಜೆ ಒಬ್ಬ ಹುಡುಗಿಯು ನನ್ನ ಬಳಿಗೆ ಬಂದಳು. ನೀರಿನ ನಳದ ಹತ್ತಿರ ತಾನು ಎಷ್ಟು ಬೇಗ ಬಂದು ನಿಂತರೂ ಎಲ್ಲರ ಕೊಡ ತುಂಬಿದ ಮೇಲೆಯೇ ತನ್ನ ಕೊಡ ಇಡಲು ಬಿಡುತ್ತಾರೆಂದೂ, ಅವಳ ತಾಯಿ ಓಣಿ ಗುಡಿಸುವವಳೆಂಬದೇ ಅದಕ್ಕೆ ಕಾರಣವೆಂದೂ ಹೇಳಿದಳು. ನಾನು ಸತ್ಯವೇದವನ್ನು ತೆರೆದು, ತನ್ನನ್ನು ತಗ್ಗಿಸಿಕೊಳ್ಳುವವರು ಹೆಚ್ಚಿಸಲ್ಪಡುವರೆಂಬ ಬೋಧನೆಯನ್ನು ಅವಳಿಗೆ ವಿವರಿಸಿ, ಸಹಿಸಿಕೊಳ್ಳಬೇಕೆಂದು ಬುದ್ಧಿ ಹೇಳಿದೆನು. ಅವಳು ಕೊನೆಯ ವರೆಗೆ ಕೇಳಿ, “ಆಗ್ಲಿ ಅಕ್ಕೋರೇ. ಈ ಪಾಠಾ ಅವ್ರಿಗೂ ಹೇಳ್ತೀರೇನ್ರಿ?” ಎಂದು ಮೆಲ್ಲಗೆ ಕೇಳಿ ಹೊರಟುಹೋದಳು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಸೇನಾಪತಿಗೆ ಹೇಳಬೇಕಾದ ಪಾಠವನ್ನು ನಾನು ದಾಸಿಗೆ ಹೇಳಿದ್ದೆನು. ಮರುದಿನ ಮುಂಜಾನೆ ನಾನೂ ಒಂದು ಕೊಡ ಹಿಡಿದು ಸಾಲಿನ ತುದಿಯಲ್ಲಿ ನಿಂತೆನು. ಬಂದವರು ಬಂದ ಕ್ರಮದಲ್ಲಿಯೇ ನೀರು ತುಂಬಬೇಕೆಂದು ಎಲ್ಲರಿಗೂ ಕಟ್ಟುಮಾಡಿದೆನು. ಅದು ಸುಲಭವಾಗಿತ್ತು. ಆ ಹುಡುಗಿಯನ್ನು ಕರೆದು, ನಾನು ತಪ್ಪಿದೆನು, ಕ್ಷಮಿಸು ಎಂದು ಹೇಳುವದು ಸುಲಭವಾಗಿರಲಿಲ್ಲ. ನನ್ನ ಯೊರ್ದನ್ ಅಲ್ಲಿಯೇ ಇತ್ತು.

ಆದದರಿಂದ ಈ ಭೇದವನ್ನು ಚೆನ್ನಾಗಿ ತಿಳಿದುಕೊಳ್ಳಿರಿ. ತನ್ನನ್ನು ತಾನು ತಗ್ಗಿಸಿಕೊಳ್ಳುವದು ಬೇರೆ, ಮತ್ತೊಬ್ಬರಿಂದ ತುಳಿಯಲ್ಪಡುವದು ಬೇರೆ. ಮೊದಲನೆಯದು ಸದ್ಗುಣ; ಎರಡನೆಯದು ತುಳಿಯುವವನ ಪಾಪ. ಒಬ್ಬರ ಹೊಲವನ್ನು ಅಗೆದು ಗುಂಡಿಮಾಡಿ, ನಿನ್ನಲ್ಲಿ ನೀರು ನಿಲ್ಲುವದು, ಸಂತೋಷಪಡು ಎನ್ನುವದು ಒಕ್ಕಲುತನವಲ್ಲ, ಕಳ್ಳತನ. ನಮ್ಮ ದೇಶದ ಸಂವಿಧಾನವು 1950ರಲ್ಲಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. 1955ರಲ್ಲಿ ಅದನ್ನು ಶಿಕ್ಷಾರ್ಹ ಅಪರಾಧವನ್ನಾಗಿ ಮಾಡುವ ಕಾಯದೆಯಾಯಿತು. ಕಾಯದೆಯು ನಳದ ಹತ್ತಿರದ ಕೈಯನ್ನು ತಡೆಯಬಲ್ಲದು. ಮನಸ್ಸಿನ ದಿಬ್ಬವನ್ನು ಕಡಿಯಲಾರದು. ಅದು ಕೃಪೆಯ ಕೆಲಸ.

ಹೆಣ್ಣುಮಕ್ಕಳಿಗೆ ವಿಶೇಷವಾಗಿ ಒಂದು ಮಾತು. ಸುಮ್ಮನಿರುವದೇ ದೀನತೆಯೆಂದು ನಿಮಗೆ ಮನೆಯಲ್ಲಿಯೂ ಕೆಲವು ವೇಳೆ ಸಭೆಯಲ್ಲಿಯೂ ಹೇಳಿಯಾರು. ನಾಮಾನನ ಮನೆಯ ಹುಡುಗಿಯು ಸುಮ್ಮನಿದ್ದಿದ್ದರೆ ಈ ಅಧ್ಯಾಯವೇ ಇರುತ್ತಿರಲಿಲ್ಲ. ತೂರ್ ಸೀದೋನಿನ ಕಡೆಯ ಕಾನಾನ್ಯ ಸ್ತ್ರೀಯು ಶಿಷ್ಯರು ಬೇಸತ್ತರೂ ಬಿಡದೆ ಮಗಳಿಗಾಗಿ ಕೂಗಿದಳು. ಕರ್ತನು ಅವಳ ನಂಬಿಕೆಯನ್ನು ಹೊಗಳಿದನು (ಮತ್ತಾಯ 15:21–28). ತನ್ನ ಹಿರಿಮೆಗಾಗಿ ಬಾಯಿ ತೆರೆಯದಿರುವದು ದೀನತೆ. ಪರರ ಹಿತಕ್ಕಾಗಿಯೂ ಸತ್ಯಕ್ಕಾಗಿಯೂ ಬಾಯಿ ತೆರೆಯುವದು ಅದೇ ದೀನತೆಯ ಇನ್ನೊಂದು ಮುಖ. ತನ್ನ ಬುದ್ಧಿಶಕ್ತಿಯನ್ನು ಇಲ್ಲವೆನ್ನುವದೂ ದೀನತೆಯಲ್ಲ. ಲೆಕ್ಕದಲ್ಲಿ ಜಾಣೆಯಾದವಳು ನನಗೆ ಬಾರದು ಎಂದರೆ ಅದು ಸುಳ್ಳು. ಪಕ್ಕದವಳಿಗೆ ಬೇಸರವಿಲ್ಲದೆ ಕಲಿಸಿದರೆ ಅದು ದೀನತೆ.

7. ಕ್ರಿಸ್ತನ ಮನಸ್ಸು

ಇದೆಲ್ಲದರ ಮೂಲವನ್ನು ಪೌಲನು ಫಿಲಿಪ್ಪಿಯವರಿಗೆ ತೋರಿಸಿದನು. ದೇವರಿಗೆ ಸಮಾನನಾಗಿದ್ದ ಕ್ರಿಸ್ತನು ತನ್ನನ್ನು ಬರಿದುಮಾಡಿಕೊಂಡು ದಾಸನ ರೂಪವನ್ನು ಧರಿಸಿ, ಶಿಲುಬೆಯ ಮರಣದ ವರೆಗೂ ಇಳಿದನು. ಅವನನ್ನು ಯಾರೂ ಬಲಾತ್ಕಾರದಿಂದ ಇಳಿಸಲಿಲ್ಲ, ತಾನಾಗಿಯೇ ಇಳಿದನು. ಪಸ್ಕದ ರಾತ್ರಿಯಲ್ಲಿ ನಡುವಿಗೆ ಕೈಪಾವುಡವನ್ನು ಕಟ್ಟಿಕೊಂಡು ಶಿಷ್ಯರ ಕಾಲುಗಳನ್ನು ತೊಳೆದಾಗ, ತಾನು ಅವರಿಗೆ ಬೋಧಕನೂ ಕರ್ತನೂ ಹೌದೆಂಬದನ್ನು ಅವನು ಬಚ್ಚಿಡಲಿಲ್ಲ (ಯೋಹಾನ 13ನೆಯ ಅಧ್ಯಾಯ). ತಾನು ಯಾರೆಂದು ಬಲ್ಲವನೇ ಹಾಗೆ ಬಾಗಬಲ್ಲನು. ಆ ಕಾಲುಗಳಲ್ಲಿ ಯೂದನ ಕಾಲುಗಳೂ ಇದ್ದವು. ಕೃಪೆಯು ಎಷ್ಟು ದೂರಕ್ಕೆ ಹೋಗುವದೆಂದು ಕೇಳುವವರಿಗೆ ಇದೇ ಉತ್ತರ.

ಪ್ರಿಯ ಮಕ್ಕಳೇ, ನೀವು ಈ ಶಾಲೆಯನ್ನು ಬಿಟ್ಟು ಹೋಗುವಾಗ ನಿಮ್ಮಲ್ಲಿ ಕೆಲವರು ಉಪಾಧ್ಯಾಯಿನಿಯರೂ ದಾದಿಯರೂ ವೈದ್ಯರೂ ಅಧಿಕಾರಿಗಳೂ ಆಗುವಿರಿ. ಕೆಲವರು ಮನೆಯ ಯಜಮಾನಿಯರಾಗುವಿರಿ. ಆಗ ಒಂದಲ್ಲ ಒಂದು ದಿಬ್ಬದ ಮೇಲೆ ನಿಮಗೂ ಸ್ಥಳ ದೊರೆಯುವದು. ನಿಮ್ಮ ಮನೆಯಲ್ಲಿ ಕೆಲಸಕ್ಕಿರುವ ಹುಡುಗಿಯು ಒಂದು ದಿನ ಒಂದು ಮಾತು ಹೇಳುವಳು. ಅದು ದೇವರ ಮಾತಾಗಿರಬಹುದು. ಅದನ್ನು ಕೇಳುವಷ್ಟು ತಗ್ಗನ್ನು ನಿಮ್ಮ ಮನಸ್ಸಿನಲ್ಲಿ ಉಳಿಸಿಕೊಳ್ಳಿರಿ. ಮಳೆಯನ್ನು ಕೊಡುವವನು ದೇವರು. ಒಡ್ಡು ಹಾಕುವ ಕೆಲಸ ನಮ್ಮದು.

ಆಲೋಚನೆಗಾಗಿ ಪ್ರಶ್ನೆಗಳು

1. ನಾಮಾನನ ಮನೆಯ ಹುಡುಗಿಯು ಮಾತಾಡದೆ ಇರಲು ಯಾವ ಯಾವ ಕಾರಣಗಳಿದ್ದವು? ಅವಳು ಏಕೆ ಮಾತಾಡಿದಳು?

2. ಎಲೀಷನು ಕಾಣಿಕೆಯನ್ನು ಸ್ವೀಕರಿಸಿದ್ದರೆ ನಾಮಾನನು ದೇವರ ವಿಷಯದಲ್ಲಿ ಯಾವ ತಪ್ಪು ಎಣಿಕೆಯಿಂದ ಊರಿಗೆ ಹೋಗುತ್ತಿದ್ದನು?

3. ನಜರೇತಿನವರ ಕೋಪವೂ ಗೇಹಜಿಯ ಆಶೆಯೂ ಯಾವ ಒಂದು ಬೇರಿನಿಂದ ಹುಟ್ಟಿದವು?

4. ನಮ್ಮ ಊಟದ ಸಾಲಿನಲ್ಲಿ, ನೀರಿನ ನಳದ ಹತ್ತಿರ, ಆಟದ ಬಯಲಿನಲ್ಲಿ ದೀನತೆಯ ಪಾಠವು ಯಾರಿಗೆ ಹೇಳಲ್ಪಡುತ್ತಿದೆ? ಅದು ಮೊದಲು ಯಾರಿಗೆ ಬೇಕಾಗಿದೆ?

5. ಈ ವಾರ ನೀವು ಯಾರ ಬಳಿಯಲ್ಲಿ ಕ್ಷಮೆ ಕೇಳಬೇಕಾಗಿದೆಯೆಂದು ಏಕಾಂತದಲ್ಲಿ ಯೋಚಿಸಿ, ಪ್ರಾರ್ಥಿಸಿ, ಹಾಗೆಯೇ ಮಾಡಿರಿ.